ಡ್ರೋನ್ ಯಂತ್ರದ ದೋಷಲಕ್ಷಣಗಳೂ ಅವುಗಳ ನಿವಾರಣೋಪಾಯಗಳೂ

ಮದುವೆಯ ಚಪ್ಪರದ ಮೇಲೆ, ಜಾತ್ರೆಯ ಬಯಲಿನ ಮೇಲೆ, ಸಮುದ್ರತೀರದಲ್ಲಿ, ಗದ್ದೆಯ ಅಂಚಿನಲ್ಲಿ ಜೇನುಹುಳದಂತೆ ಮೊರೆಯುತ್ತ ಹಾರುವ ಡ್ರೋನ್ ಎಂಬ ಯಂತ್ರವನ್ನು ನೋಡದವರು ಈಗ ನಮ್ಮಲ್ಲಿ ವಿರಳ. ಇಂಗ್ಲಿಷಿನಲ್ಲಿ ಡ್ರೋನ್ ಎಂದರೆ ಗಂಡು ಜೇನುಹುಳು. 1935ನೆಯ ಇಸವಿಯಲ್ಲಿ ಬ್ರಿಟನ್ ದೇಶದಲ್ಲಿ ಗುಂಡು ಹೊಡೆಯುವ ಅಭ್ಯಾಸಕ್ಕೆಂದು ರೇಡಿಯೋ ಅಲೆಗಳಿಂದ ನಡೆಸುವ, ಚಾಲಕನಿಲ್ಲದ ವಿಮಾನವೊಂದನ್ನು ನಿರ್ಮಿಸಿ ಅದಕ್ಕೆ ಕ್ವೀನ್ ಬೀ, ಅಂದರೆ ರಾಣಿಜೇನು, ಎಂದು ಹೆಸರಿಟ್ಟರು; ಅದರಿಂದಲೇ ಈ ಹೆಸರು ರೂಢಿಗೆ ಬಂದಿತೆಂದು ಹೇಳುವುದುಂಟು. ಯುದ್ಧವಿದ್ಯೆಯಲ್ಲಿ ಹುಟ್ಟಿದ ಈ ವಸ್ತುವು ಈಗ ಅಂಗಡಿಯಲ್ಲಿ ಮಾರಾಟಕ್ಕೆ ದೊರೆತು, ಮಕ್ಕಳ ಕೈಗೂ ಬಂದಿರುತ್ತದೆ.

ಆದರೆ ಕೈಗೆ ಬಂದ ವಸ್ತುವು ಬುದ್ಧಿಗೂ ಬಂದಿದೆಯೆಂದು ತಿಳಿಯಬಾರದು. ಯಂತ್ರವು ನಾಲ್ಕು ದಿನ ಚೆನ್ನಾಗಿ ಹಾರಿ ಐದನೆಯ ದಿನ ಮರಕ್ಕೆ ಬಡಿದು ಬಿದ್ದರೆ, ಹಾರಿಸಿದವರು ಗಾಳಿಯನ್ನು ದೂರುತ್ತಾರೆ. ಇಲ್ಲವೆ ಯಂತ್ರವೇ ಕೆಟ್ಟದ್ದೆಂದು ಮೂಲೆಗೆಸೆಯುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ವಾಸ್ತವದಲ್ಲಿ ಇಂಥ ಅಪಘಾತಗಳಲ್ಲಿ ಬಹಳಷ್ಟು ಯಂತ್ರವು ನೆಲದ ಮೇಲೆ ಇರುವಾಗಲೇ ಆರಂಭವಾಗಿರುತ್ತವೆ. ಸೀಳಿದ ರೆಕ್ಕೆ, ಸಡಿಲವಾದ ಬ್ಯಾಟರಿ, ಕಬ್ಬಿಣದ ನೆರೆಯಲ್ಲಿ ದಾರಿ ತಪ್ಪಿದ ದಿಕ್ಸೂಚಿ, ಇವು ಮೊದಲೇ ತಮ್ಮ ಗುರುತನ್ನು ತೋರಿಸುತ್ತವೆ. ವೈದ್ಯನು ರೋಗಿಯ ನಾಡಿಯನ್ನು ಹಿಡಿದು ನೋಡುವಂತೆ ಆ ಗುರುತುಗಳನ್ನು ಓದಲು ಕಲಿಯುವುದು ಹೇಗೆಂಬುದೇ ಈ ಲೇಖನದ ವಿಷಯವು.

ಯಂತ್ರದ ರಚನೆ

ಸಾಮಾನ್ಯ ಡ್ರೋನಿಗೆ ನಾಲ್ಕು ತೋಳುಗಳು. ಒಂದೊಂದು ತೋಳಿನ ತುದಿಯಲ್ಲಿ ಒಂದೊಂದು ಮೋಟಾರು. ಮೋಟಾರಿನ ಮೇಲೆ ಪ್ರೊಪೆಲ್ಲರ್ ಎಂಬ ತಿರುಗುವ ರೆಕ್ಕೆ. ನಾಲ್ಕೂ ಒಂದೇ ದಿಕ್ಕಿಗೆ ತಿರುಗಿದರೆ ಯಂತ್ರದ ಒಡಲು ಅದಕ್ಕೆ ವಿರುದ್ಧವಾದ ದಿಕ್ಕಿಗೆ ಗಿರ್ರನೆ ತಿರುಗತೊಡಗುವುದು. ಆದುದರಿಂದ ಎರಡು ಮೋಟಾರುಗಳು ಗಡಿಯಾರದ ಮುಳ್ಳಿನಂತೆಯೂ ಉಳಿದೆರಡು ಅದಕ್ಕೆ ವಿರುದ್ಧವಾಗಿಯೂ ತಿರುಗುವಂತೆ ಮಾಡಿರುತ್ತಾರೆ. ಕರ್ಣರೇಖೆಯಲ್ಲಿ ಎದುರುಬದುರಾಗಿರುವ ಮೋಟಾರುಗಳು ಒಂದೇ ಜಾತಿಯವು. ಇದನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು.

ಒಡಲಿನ ನಡುವೆ ಯಂತ್ರದ ಮೆದುಳು ಇದೆ. ಅದಕ್ಕೆ ಹಲವು ಇಂದ್ರಿಯಗಳು. ಓರೆಯನ್ನೂ ತಿರುವನ್ನೂ ತಿಳಿಸುವುದು ಗೈರೋಸ್ಕೋಪ್ ಮೊದಲಾದ ಸಾಧನಗಳು. ಉತ್ತರ ದಿಕ್ಕನ್ನು ತಿಳಿಸುವುದು ದಿಕ್ಸೂಚಿ. ಗಾಳಿಯ ಒತ್ತಡದಿಂದ ಎತ್ತರವನ್ನು ತಿಳಿಸುವುದು ಬ್ಯಾರೋಮೀಟರ್. ಉಪಗ್ರಹಗಳ ಸಂಕೇತದಿಂದ ತಾನಿರುವ ಸ್ಥಳವನ್ನು ತಿಳಿಸುವುದು ಜಿಪಿಎಸ್. ನೆಲವನ್ನು ದಿಟ್ಟಿಸಿ ನಿಂತಲ್ಲೇ ನಿಲ್ಲಿಸುವುದು ಹೊಟ್ಟೆಯ ಕೆಳಗಿನ ಸಣ್ಣ ಕ್ಯಾಮರಾ. ಈ ಇಂದ್ರಿಯಗಳು ಸುಳ್ಳು ಹೇಳಿದರೆ ಮೆದುಳು ತಪ್ಪು ಆಜ್ಞೆಯನ್ನೇ ಕೊಡುವುದು.

ಏಳುವಾಗಲೇ ಮಗುಚುವುದು

ಹೊಸಬರಿಗೆ ಮೊದಲು ಬರುವ ತೊಂದರೆ ಇದು. ಮೋಟಾರು ತಿರುಗಿದೊಡನೆ ಯಂತ್ರವು ಏಳದೆ ಒಂದು ಪಕ್ಕಕ್ಕೆ ಮಗುಚಿ ಹುಲ್ಲಿನಲ್ಲಿ ಹೊರಳುತ್ತದೆ. ಇದಕ್ಕೆ ಹತ್ತರಲ್ಲಿ ಒಂಬತ್ತು ಸಲ ಎಂಬಷ್ಟು ಸಾಮಾನ್ಯವಾದ ಕಾರಣವು ರೆಕ್ಕೆಗಳನ್ನು ಅದಲುಬದಲಾಗಿ ಹಾಕಿರುವುದೇ. ಗಡಿಯಾರದ ದಿಕ್ಕಿನ ಮೋಟಾರಿಗೆ ಬೇರೆ ರೆಕ್ಕೆ, ವಿರುದ್ಧ ದಿಕ್ಕಿನ ಮೋಟಾರಿಗೆ ಬೇರೆ ರೆಕ್ಕೆ. ನೋಡಲು ಎರಡೂ ಒಂದೇ ತೆರನಾಗಿದ್ದರೂ ಅವುಗಳ ಓರೆಯು ಬೇರೆ. ತಪ್ಪಿ ಹಾಕಿದ ರೆಕ್ಕೆಯು ಗಾಳಿಯನ್ನು ಕೆಳಕ್ಕೆ ತಳ್ಳುವುದರ ಬದಲು ಮೇಲಕ್ಕೆ ತಳ್ಳುವುದು. ಆಗ ಮಿಕ್ಕ ರೆಕ್ಕೆಗಳು ಎತ್ತಿದ ಯಂತ್ರವನ್ನು ಅದೊಂದೇ ಕೆಡಹುವುದು. ತಯಾರಕರು ಅಕ್ಷರದಿಂದಲೋ ಬಣ್ಣದ ಗೆರೆಯಿಂದಲೋ ಚುಕ್ಕೆಯಿಂದಲೋ ಗುರುತನ್ನು ಹಾಕಿರುತ್ತಾರೆ; ರೆಕ್ಕೆಯ ಗುರುತೂ ತೋಳಿನ ಗುರುತೂ ಕೂಡಿ ಬರಬೇಕು.

ನಡುಕ ಮತ್ತು ಕರ್ಕಶ ಧ್ವನಿ

ಹಾರುವಾಗ ಯಂತ್ರವು ನಡುಗುವುದು, ತೆಗೆದ ಚಲಚ್ಚಿತ್ರವು ಅಲ್ಲಾಡುವ ನೀರಿನೊಳಗಿನ ಬಿಂಬದಂತೆ ಕಾಣುವುದು, ಮೊದಲಿದ್ದ ಸಮಧ್ವನಿಯಲ್ಲಿ ಕರ್ಕಶವು ಸೇರುವುದು, ಇವೆಲ್ಲ ಒಂದೇ ರೋಗದ ಲಕ್ಷಣಗಳು. ರೋಗವು ರೆಕ್ಕೆಯಲ್ಲಿರಬಹುದು, ಮೋಟಾರಿನಲ್ಲಿರಬಹುದು. ಬೇರ್ಪಡಿಸಿ ತಿಳಿಯುವ ಉಪಾಯವನ್ನು ಹೇಳುತ್ತೇನೆ.

ಮೊದಲು ಬ್ಯಾಟರಿಯನ್ನು ಹೊರಗೆ ತೆಗೆಯಿರಿ. ರೆಕ್ಕೆಯ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಎಳೆಯಿರಿ. ಕಣ್ಣಿಗೆ ಕಾಣದ ಸೀಳು ಉಗುರಿಗೆ ತಾಕುವುದು. ಸೀಳಿದ ರೆಕ್ಕೆಯನ್ನು ಗೋಂದಿನಿಂದ ಅಂಟಿಸಿ ಮತ್ತೆ ಉಪಯೋಗಿಸಲೇಬಾರದು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ವಸ್ತುವಿನಲ್ಲಿ ಅಕ್ಕಿಕಾಳಿನಷ್ಟು ತೂಕದ ವ್ಯತ್ಯಾಸವೂ ದೊಡ್ಡ ನಡುಕವಾಗುವುದು. ರೆಕ್ಕೆಗಳು ಚೆನ್ನಾಗಿ ಕಂಡರೂ ಸಂಶಯ ಉಳಿದರೆ, ಸಂಶಯವಿರುವ ತೋಳಿನ ರೆಕ್ಕೆಯನ್ನು ಕರ್ಣರೇಖೆಯಲ್ಲಿ ಎದುರಿರುವ ತೋಳಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿರಿ. ಅವೆರಡೂ ಒಂದೇ ಜಾತಿಯವಾದುದರಿಂದ ಬಾಧಕವಿಲ್ಲ. ನಡುಕವು ರೆಕ್ಕೆಯ ಜೊತೆಗೆ ಆ ತೋಳಿಗೆ ಹೋಯಿತೋ, ತಪ್ಪು ರೆಕ್ಕೆಯದು. ಮೊದಲಿನ ತೋಳಿನಲ್ಲಿಯೇ ಉಳಿಯಿತೋ, ತಪ್ಪು ಮೋಟಾರಿನದು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಮ್ಮೆಗೇ ಬದಲಾಯಿಸಿದರೆ ಯಂತ್ರವು ಸರಿಯಾದರೂ ಯಾವುದರಿಂದ ಸರಿಯಾಯಿತೆಂಬುದು ತಿಳಿಯದೆ ಹೋಗುವುದು. ತಿಳಿಯದೆ ಸರಿಯಾದದ್ದು ಮತ್ತೊಮ್ಮೆ ಕೆಡುವುದಕ್ಕೆ ತಡವಿಲ್ಲ.

ಮೋಟಾರನ್ನು ಪರೀಕ್ಷಿಸುವ ಬಗೆಯೂ ಸುಲಭ. ಬ್ಯಾಟರಿ ಇಲ್ಲದಾಗ ನಾಲ್ಕನ್ನೂ ಒಂದೊಂದಾಗಿ ಬೆರಳಿನಿಂದ ತಿರುಗಿಸಿ ಹೋಲಿಸಿರಿ. ಮೂರು ನಯವಾಗಿ ತಿರುಗಿ ಒಂದು ಮಾತ್ರ ಗರಗರ ಎಂದರೆ ಅದರೊಳಗೆ ಮರಳು ಹೊಕ್ಕಿರಬೇಕು, ಕೂದಲು ಸುತ್ತಿರಬೇಕು, ಇಲ್ಲವೆ ಬೇರಿಂಗ್ ಸವೆದಿರಬೇಕು. ಹಾರಿ ಇಳಿದೊಡನೆ ಒಂದು ಮೋಟಾರು ಮಾತ್ರ ಇತರ ಮೂರಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಅದು ಕಷ್ಟಪಟ್ಟು ದುಡಿಯುತ್ತಿದೆಯೆಂದು ಅರ್ಥ. ಕುಂಚವಿಲ್ಲದ ಮೋಟಾರಿಗೆ ಮೂರು ತಂತಿಗಳಿರುತ್ತವೆ; ಅವುಗಳಲ್ಲಿ ಒಂದು ಕಡಿದರೆ ಮೋಟಾರು ತಿರುಗದೆ ಅತ್ತಿತ್ತ ಕಂಪಿಸುತ್ತ ನಿಲ್ಲುವುದು. ಆಗ ಬಲವಂತದಿಂದ ಚಾಲನೆ ಮಾಡಿದರೆ ಮೋಟಾರೂ ಅದನ್ನು ನಡೆಸುವ ಫಲಕವೂ ಸುಟ್ಟುಹೋದಾವು.

ತಿರುಗುವ ರೆಕ್ಕೆಗೆ ಕೈಯೊಡ್ಡಬಾರದೆಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. 2015ನೆಯ ಇಸವಿಯ ಮೇ ತಿಂಗಳಲ್ಲಿ ಮೆಕ್ಸಿಕೋ ದೇಶದ ಟಿಹುವಾನಾ ನಗರದ ಸಂಗೀತ ಸಭೆಯಲ್ಲಿ ಗಾಯಕ ಎನ್ರಿಕೆ ಇಗ್ಲೇಸಿಯಸ್ ಎಂಬವರು ಹಾರುತ್ತಿದ್ದ ಡ್ರೋನನ್ನು ಕೈಯಿಂದ ಹಿಡಿಯಲು ಹೋಗಿ ಬೆರಳುಗಳಿಗೆ ತೀವ್ರ ಗಾಯ ಮಾಡಿಕೊಂಡರು, ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಜಡೆಯನ್ನೂ ಸೆರಗನ್ನೂ ದುಪ್ಪಟ್ಟಾವನ್ನೂ ಬಿಗಿಯಾಗಿ ಕಟ್ಟಿಕೊಂಡೇ ಯಂತ್ರದ ಬಳಿಗೆ ಹೋಗತಕ್ಕದ್ದು.

ನಿಂತಲ್ಲಿ ನಿಲ್ಲದೆ ತೇಲಿಹೋಗುವುದು

ಕೈಬಿಟ್ಟರೂ ಯಂತ್ರವು ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ ಅದು ಗಾಳಿಯ ಕೆಲಸವೋ ಯಂತ್ರದ ದೋಷವೋ ಎಂದು ನಿರ್ಣಯಿಸಬೇಕು. ಯಂತ್ರದ ಮುಖವನ್ನು ಅರ್ಧಸುತ್ತು ತಿರುಗಿಸಿ ನೋಡಿರಿ. ಮುಖ ಎತ್ತ ಇದ್ದರೂ ಅದು ಪೂರ್ವಕ್ಕೇ ಸರಿದರೆ, ಗಾಳಿಯು ತಳ್ಳುತ್ತಿದೆ. ಮುಖ ತಿರುಗಿದಂತೆ ಸರಿಯುವ ದಿಕ್ಕೂ ತಿರುಗಿ, ಸದಾ ತನ್ನ ಎಡಕ್ಕೇ ಸರಿದರೆ, ದೋಷವು ಯಂತ್ರದೊಳಗಿದೆ. ಆಗ ಸಮತಲವಾದ ಗಟ್ಟಿ ಮೇಜಿನ ಮೇಲಿಟ್ಟು, ಕೈಪಿಡಿಯಲ್ಲಿ ಹೇಳಿದ ಕ್ರಮದಂತೆ ಅದರ ಇಂದ್ರಿಯಗಳನ್ನು ಸರಿಹೊಂದಿಸಬೇಕು. ಮೇಜು ಓರೆಯಾಗಿದ್ದರೆ ಯಂತ್ರವು ಆ ಓರೆಯನ್ನೇ ಸಮವೆಂದು ಕಲಿತುಬಿಡುವುದು.

ಯಂತ್ರವು ನಿಲ್ಲಬೇಕಾದ ಸ್ಥಳದ ಸುತ್ತ ಮಂತಿನಿಂದ ಕಡೆದ ಮಜ್ಜಿಗೆಯಂತೆ ಸುತ್ತತೊಡಗಿದರೆ, ಮತ್ತು ಆ ಸುತ್ತು ಬರಬರುತ್ತ ದೊಡ್ಡದಾದರೆ, ಅದು ದಿಕ್ಸೂಚಿಯ ದೋಷ. ಉಪಗ್ರಹಗಳು ಅದರ ಸ್ಥಳವನ್ನು ಸರಿಯಾಗಿ ಹೇಳುತ್ತಿವೆ. ದಿಕ್ಸೂಚಿಯು ಉತ್ತರವನ್ನು ತಪ್ಪಾಗಿ ತೋರಿಸುತ್ತಿದೆ. ಆದುದರಿಂದ ಮೆದುಳು ತಿದ್ದಹೋದಷ್ಟೂ ಓರೆಯಾಗಿ ತಿದ್ದುತ್ತದೆ. ಕಾರಣವು ಹೆಚ್ಚಾಗಿ ಕಾಲಡಿಯಲ್ಲಿದೆ. ಕಾಂಕ್ರೀಟು ತಾರಸಿಯೊಳಗಿನ ಕಬ್ಬಿಣದ ಸರಳುಗಳು, ನಿಲ್ಲಿಸಿದ ಮೋಟಾರು ಗಾಡಿ, ಬಾವಿಯ ಮೇಲಿನ ಕಬ್ಬಿಣದ ಜಾಲರಿ, ವಿದ್ಯುತ್ತಿನ ದೊಡ್ಡ ಗೋಪುರ, ಇವು ಸೂಚಿಯನ್ನು ಸೆಳೆಯುತ್ತವೆ. ಶಾಲೆಯ ತಾರಸಿಗಿಂತ ಆಟದ ಬಯಲೇ ಹಾರಿಸುವುದಕ್ಕೆ ಉತ್ತಮ. ಕಬ್ಬಿಣದ ಬಳಿಯಲ್ಲಿ ನಿಂತು ದಿಕ್ಸೂಚಿಯನ್ನು ಸರಿಹೊಂದಿಸಲು ಹೋದರೆ ತಪ್ಪು ಇನ್ನೂ ಬಲವಾಗಿ ಊರುವುದು.

ಹೊಳೆಯ ನೀರು, ನುಣುಪಾದ ಹೊಳೆಯುವ ನೆಲ, ಕತ್ತಲೆ, ಇವುಗಳ ಮೇಲೆ ಹೊಟ್ಟೆಯ ಕೆಳಗಿನ ಕ್ಯಾಮರಾಕ್ಕೆ ಹಿಡಿದುಕೊಳ್ಳಲು ಗುರುತೇ ಸಿಕ್ಕದು. ಹರಿಯುವ ನೀರನ್ನು ನೆಲವೆಂದು ಭ್ರಮಿಸಿ ಅದರ ಜೊತೆಗೇ ತೇಲಿಹೋಗುವುದೂ ಉಂಟು. ನೀರಿನ ಮೇಲೆ ಬಹಳ ಕೆಳಗೆ ಹಾರಿಸಬಾರದೆಂಬುದಕ್ಕೆ ಇದೇ ಕಾರಣ.

ಯಂತ್ರವನ್ನು ಮೇಲಿನಿಂದ ನೆಟ್ಟಗೆ ವೇಗವಾಗಿ ಇಳಿಸಿದಾಗ ಒಮ್ಮೆಲೆ ಓಲಾಡಿ ಕುಸಿಯುವುದು ಮತ್ತೊಂದು ತೊಂದರೆ. ತಾನೇ ಕೆಳಕ್ಕೆ ತಳ್ಳಿದ ಕಲಕಿದ ಗಾಳಿಯೊಳಕ್ಕೆ ತಾನೇ ಇಳಿಯುವುದರಿಂದ ರೆಕ್ಕೆಗಳಿಗೆ ಹಿಡಿತ ತಪ್ಪುವುದು. ಹೆಲಿಕಾಪ್ಟರ್ ಚಾಲಕರೂ ಇದನ್ನು ಬಲ್ಲರು. ಮೆಲ್ಲಗೆ, ಸ್ವಲ್ಪ ಮುಂದಕ್ಕೆ ಸರಿಯುತ್ತ ಓರೆಯಾಗಿ ಇಳಿಸುವುದೇ ಇದಕ್ಕೆ ಪರಿಹಾರ.

ಬ್ಯಾಟರಿಯ ವಿಷಯ

ಯಂತ್ರದ ಎಲ್ಲ ಅಂಗಗಳಲ್ಲಿ ಮನೆಯವರಿಗೆ ಅಪಾಯಕಾರಿಯಾದುದು ಇದೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಡ್ರೋನಿನಲ್ಲಿ ಸಾಧಾರಣವಾಗಿ ಲಿಥಿಯಂ ಪಾಲಿಮರ್ ಎಂಬ ಜಾತಿಯ ಬ್ಯಾಟರಿ ಇರುತ್ತದೆ. ಅದರ ಒಂದೊಂದು ಕೋಶದ ಸಾಮಾನ್ಯ ಪ್ರಮಾಣ 3.7 ವೋಲ್ಟ್, ತುಂಬಿದಾಗ 4.2 ವೋಲ್ಟ್. ಅದು 3 ವೋಲ್ಟಿಗಿಂತ ಕೆಳಗಿಳಿದರೆ ಕೋಶಕ್ಕೆ ತಿರುಗಿ ಸರಿಯಾಗದ ಹಾನಿಯಾಗುವುದು. ಆದುದರಿಂದ ಪೂರ್ತಿ ಬತ್ತುವವರೆಗೆ ಹಾರಿಸದೆ, ನೂರಕ್ಕೆ 25 ಅಥವಾ 30 ಭಾಗ ಉಳಿದಿರುವಾಗಲೇ ಇಳಿಸಬೇಕು. ಹಾರಿಸದೆ ವಾರಗಟ್ಟಲೆ ಇಡುವುದಾದರೆ ತುಂಬಿಸಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಅರ್ಧದಷ್ಟು ತುಂಬಿ, ಅಂದರೆ ಕೋಶಕ್ಕೆ ಸುಮಾರು 3.8 ವೋಲ್ಟ್ ಇರುವಂತೆ, ತಂಪಾದ ಒಣ ಸ್ಥಳದಲ್ಲಿಡಬೇಕು. ರಾಯಚೂರು ಕಲಬುರಗಿಗಳ ಬೇಸಿಗೆಯಲ್ಲಿ ಮುಚ್ಚಿದ ಗಾಡಿಯೊಳಗೆ ಬಿಟ್ಟುಬರುವುದು ಕೂಡದು. ಮಲೆನಾಡಿನ ಚಳಿಯ ಮುಂಜಾವಿನಲ್ಲಿ ಅದೇ ಬ್ಯಾಟರಿಯು ಬೇಗನೆ ಸೋಲುವುದುಂಟು; ಆಗ ಒಂದು ನಿಮಿಷ ಆಳೆತ್ತರದಲ್ಲಿ ನಿಲ್ಲಿಸಿ, ಅದು ಬೆಚ್ಚಗಾದ ಮೇಲೆ ಮೇಲಕ್ಕೆ ಕಳುಹಿಸತಕ್ಕದ್ದು.

ಬ್ಯಾಟರಿಯ ಹೊಟ್ಟೆಯು ಉಬ್ಬಿದ್ದರೆ ಒಳಗೆ ಅನಿಲವು ಹುಟ್ಟಿದೆಯೆಂದು ತಿಳಿಯಿರಿ. ಅದನ್ನು ಹಾರಿಸಬಾರದು, ಚಾರ್ಜಿಗೆ ಹಾಕಬಾರದು, ಒತ್ತಬಾರದು, ಸೂಜಿಯಿಂದ ಚುಚ್ಚಲಂತೂ ಕೂಡದು. ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು, ಮಡಕೆಯನ್ನು ಮನೆಯ ಹೊರಗಿಟ್ಟು, ಇಲೆಕ್ಟ್ರಾನಿಕ್ ತ್ಯಾಜ್ಯ ಕೊಳ್ಳುವವರಿಗೆ ಒಪ್ಪಿಸಬೇಕು. ಹಾರಿ ಇಳಿದ ಬಿಸಿ ಬ್ಯಾಟರಿಯನ್ನು ತಣಿಯುವ ಮುನ್ನ ಚಾರ್ಜಿಗೆ ಹಾಕುವುದೂ, ರಾತ್ರಿ ಚಾರ್ಜಿಗೆ ಹಾಕಿ ಮಲಗುವುದೂ, ಹಾಸಿಗೆಯ ಮೇಲೆ ಇಟ್ಟು ಚಾರ್ಜು ಮಾಡುವುದೂ ಬೆಂಕಿಯನ್ನು ಮನೆಗೆ ಕರೆದಂತೆಯೇ. ಹೊತ್ತಿಕೊಂಡರೆ ಅದರ ಹೊಗೆಯು ವಿಷ. ವಸ್ತುವನ್ನು ಉಳಿಸಲು ಹೋಗದೆ ಎಲ್ಲರನ್ನೂ ಹೊರಗೆ ಕಳುಹಿಸಿ 112 ಸಂಖ್ಯೆಗೆ ಕರೆಮಾಡಬೇಕು.

ಬ್ಯಾಟರಿಯು ಚೆನ್ನಾಗಿದ್ದರೂ ಅದರ ಕೊಂಡಿಯು ಸರಿಯಾಗಿ ಕೂಡಿರಬೇಕು. 2016ನೆಯ ಇಸವಿಯ ನವೆಂಬರಿನಲ್ಲಿ ಗೋಪ್ರೋ ಎಂಬ ಅಮೆರಿಕದ ಕಂಪನಿಯು ಕೆಲವು ಡ್ರೋನ್‌ಗಳು ಹಾರುತ್ತಿರುವಾಗಲೇ ವಿದ್ಯುತ್ತು ಕಡಿದು ಬಿದ್ದುದರಿಂದ ತನ್ನ ಕರ್ಮ ಎಂಬ ಮಾದರಿಯ ಸುಮಾರು 2,500 ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ವಿಚಾರಿಸಿ ನೋಡಲಾಗಿ, ದೋಷವು ಬ್ಯಾಟರಿಯನ್ನು ಹಿಡಿದಿಡುವ ಕೊಂಡಿಯದಾಗಿತ್ತು. ಕೊಂಡಿಯು ಟಕ್ಕೆಂದು ಕೂಡಿದ ಸದ್ದನ್ನು ಕಿವಿಯಿಂದ ಕೇಳಿ, ಕೈಯಿಂದ ಎಳೆದು ನೋಡಿದ ಹೊರತು ಹಾರಿಸಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಸಂಪರ್ಕ ಕಡಿಯುವುದೂ ಮನೆಗೆ ಮರಳುವುದೂ

ರಿಮೋಟ್ ಮತ್ತು ಯಂತ್ರ ಇವುಗಳ ನಡುವೆ ಸಾಮಾನ್ಯವಾಗಿ 2.4 ಅಥವಾ 5.8 ಗಿಗಾಹರ್ಟ್ಸ್ ರೇಡಿಯೋ ಅಲೆಗಳು ಓಡಾಡುತ್ತವೆ. ಮನೆಮನೆಯ ವೈಫೈ ಕೂಡ ಇದೇ ದಾರಿಯಲ್ಲಿ ನಡೆಯುವುದರಿಂದ ಪೇಟೆಯ ನಡುವೆ ಅಲೆಗಳಿಗೆ ನೂಕುನುಗ್ಗಲು ಹೆಚ್ಚು. ಗೋಡೆ, ಗುಡ್ಡ, ಮಳೆಯಲ್ಲಿ ನೆನೆದ ಎಲೆಗಳ ತೋಪು, ಇವೂ ತಡೆಯುತ್ತವೆ. ಕೋಲಿನಂಥ ಆಂಟೆನಾವನ್ನು ಯಂತ್ರದ ಕಡೆಗೆ ಚೂಪಾಗಿ ಗುರಿಯಿಡುವುದು ಹಲವರ ಅಭ್ಯಾಸ. ಆದರೆ ಅದರ ತುದಿಯಿಂದ ಹೊರಡುವ ಅಲೆಯು ಬಹು ದುರ್ಬಲ. ಅದರ ಪಕ್ಕವು ಯಂತ್ರಕ್ಕೆ ಕಾಣುವಂತೆ ಹಿಡಿಯತಕ್ಕದ್ದು.

ಸಂಪರ್ಕವು ಕಡಿದರೆ ತಾನಾಗಿ ಹೊರಟ ಸ್ಥಳಕ್ಕೆ ಮರಳುವ ಏರ್ಪಾಡು ಅನೇಕ ಡ್ರೋನ್‌ಗಳಲ್ಲಿ ಉಂಟು. ಇದನ್ನು ನಂಬಬಹುದು, ಆದರೆ ಮೂರು ಷರತ್ತುಗಳ ಮೇಲೆ. ಒಂದನೆಯದಾಗಿ, ಸಾಕಷ್ಟು ಉಪಗ್ರಹಗಳು ಸಿಕ್ಕಿ ಮನೆಯ ಸ್ಥಳವು ದಾಖಲಾಯಿತೆಂಬ ಸೂಚನೆ ಬಂದ ಮೇಲೆಯೇ ಏರಿಸಬೇಕು. ಅವಸರದಿಂದ ಏರಿಸಿದರೆ ಮರಳುವುದಕ್ಕೆ ಅದಕ್ಕೆ ಮನೆಯೇ ಇರದು. ಎರಡನೆಯದಾಗಿ, ಮರಳುವ ಎತ್ತರವನ್ನು ಸುತ್ತಲಿನ ಮರಗಳಿಗಿಂತ ಮೇಲೆ ಇಡಬೇಕು. ಕರಾವಳಿಯ ಹಳೆಯ ತೆಂಗಿನ ಮರವು 25 ಮೀಟರಿಗೆ ಬೆಳೆದಿರುವಲ್ಲಿ 20 ಮೀಟರಿನ ಎತ್ತರವನ್ನು ನಿಗದಿ ಮಾಡಿದರೆ ಯಂತ್ರವು ವಿಧೇಯತೆಯಿಂದಲೇ ಸೋಗೆಯೊಳಗೆ ಹೊಗುವುದು. ಮೂರನೆಯದಾಗಿ, ಹೊರಟ ಸ್ಥಳವು ಸ್ಥಿರವಾಗಿರಬೇಕು. ದೋಣಿಯಿಂದ ಹಾರಿಸಿದ ಯಂತ್ರವು ದೋಣಿಗೆ ಬಾರದೆ, ದೋಣಿ ಮೊದಲಿದ್ದ ನೀರಿಗೇ ಇಳಿಯುವುದು.

ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆಗೆ ಬರುವುದು ಜಾಣತನ. ಗಾಳಿಯ ಜೊತೆಗೆ ದೂರ ಹೋದವರು ಮರಳುವಾಗ ಎದುರುಗಾಳಿಯಲ್ಲಿ ಬ್ಯಾಟರಿಯನ್ನು ಕಳೆದುಕೊಂಡು ನಡುದಾರಿಯಲ್ಲಿ ಇಳಿಯಬೇಕಾಗುವುದು.

ನಮ್ಮ ಸೀಮೆಯ ವಿಶೇಷ ತೊಂದರೆಗಳು

ಸಾಧಾರಣ ಡ್ರೋನಿಗೆ ಮಳೆಯು ಶತ್ರು. ಮೋಟಾರು ತುಂತುರನ್ನು ಸಹಿಸಿದರೂ ಒಳಗಿನ ಫಲಕಗಳು ಸಹಿಸವು. ಸಮುದ್ರದ ಗಾಳಿಯ ಉಪ್ಪು ನಿಧಾನವಾಗಿ ತಾಮ್ರವನ್ನು ತಿನ್ನುತ್ತದೆ. ತೀರದಲ್ಲಿ ಹಾರಿಸಿದ ದಿನ ಒಡಲನ್ನು ಸ್ವಲ್ಪವೇ ಒದ್ದೆಯಾದ ಬಟ್ಟೆಯಿಂದ ಒರಸಿ ಒಣಗಿಸಬೇಕು. ಮರಳಿನ ಮೇಲಿಂದ ನೇರವಾಗಿ ಏರಿಸದೆ ಒಂದು ಮಣೆಯನ್ನೋ ದಪ್ಪ ರಟ್ಟನ್ನೋ ಹಾಸಬೇಕು. ನೀರಿಗೆ ಬಿದ್ದ ಯಂತ್ರಕ್ಕೆ ಕೂಡಲೆ ಚಾಲನೆ ಕೊಟ್ಟು ಪರೀಕ್ಷಿಸುವ ಆತುರವೇ ಅದನ್ನು ಕೊಲ್ಲುವುದು. ಬ್ಯಾಟರಿಯನ್ನು ಬೇರ್ಪಡಿಸಿ ಬಲ್ಲವರ ಬಳಿಗೆ ಒಯ್ಯಿರಿ. ಹದ್ದುಗಳು, ಮುಖ್ಯವಾಗಿ ಗೂಡು ಕಟ್ಟುವ ಕಾಲದಲ್ಲಿ, ಡ್ರೋನಿನ ಮೇಲೆ ಎರಗುವುದುಂಟು. ಹಕ್ಕಿಯು ಸುತ್ತತೊಡಗಿದರೆ ಆಕಾಶವು ಅದರದೆಂದು ಒಪ್ಪಿ ಯಂತ್ರವನ್ನು ಇಳಿಸಿಬಿಡಬೇಕು.

ಹಾರಿಸುವ ಮುನ್ನ ನೋಡತಕ್ಕ ಕ್ರಮ

ಪ್ರತಿಸಲವೂ ಇದೇ ಕ್ರಮದಲ್ಲಿ, ಒಬ್ಬಳು ಓದಿ ಇನ್ನೊಬ್ಬಳು ಮುಟ್ಟಿ ನೋಡಿ ಉತ್ತರಿಸುವುದು ಒಳ್ಳೆಯದು.

1. ರೆಕ್ಕೆಗಳಲ್ಲಿ ಸೀಳಿಲ್ಲ, ಗುರುತು ಕೂಡಿದೆ, ಬಿಗಿಯಾಗಿವೆ.
2. ಮೋಟಾರುಗಳು ನಾಲ್ಕೂ ನಯವಾಗಿ ತಿರುಗುತ್ತವೆ.
3. ಬ್ಯಾಟರಿ ಉಬ್ಬಿಲ್ಲ, ತುಂಬಿದೆ, ಕೊಂಡಿ ಕೂಡಿದೆ. ರಿಮೋಟ್ ಮತ್ತು ಫೋನು ಕೂಡ ತುಂಬಿವೆ.
4. ಕಾಲಡಿಯಲ್ಲಿ ಕಬ್ಬಿಣವಿಲ್ಲ, ತಲೆಯ ಮೇಲೆ ತಂತಿಯಿಲ್ಲ, ಹತ್ತಿರ ಮಕ್ಕಳೂ ದನಕರುಗಳೂ ಇಲ್ಲ.
5. ಉಪಗ್ರಹಗಳು ಸಿಕ್ಕಿವೆ, ಮನೆಯ ಸ್ಥಳ ದಾಖಲಾಗಿದೆ, ಮರಳುವ ಎತ್ತರ ಸರಿಯಾಗಿದೆ.
6. ಆಳೆತ್ತರಕ್ಕೆ ಏರಿಸಿ ಅರ್ಧ ನಿಮಿಷ ನಿಲ್ಲಿಸಿ, ಸದ್ದನ್ನು ಕೇಳಿ, ನಡುಕವನ್ನು ನೋಡಿ, ಆಮೇಲೆ ಮುಂದಕ್ಕೆ.

ಇದರ ಜೊತೆಗೆ ಒಂದು ನೋಟುಪುಸ್ತಕವಿರಲಿ. ದಿನಾಂಕ, ಬ್ಯಾಟರಿಯ ಸಂಖ್ಯೆ, ಹಾರಿದ ನಿಮಿಷಗಳು, ಕಂಡ ವಿಚಿತ್ರ, ಮಾಡಿದ ಬದಲಾವಣೆ, ಇಷ್ಟನ್ನು ಬರೆದರೆ ಸಾಕು. ಮೂರು ತಿಂಗಳ ಬರಹವು ಎಷ್ಟೋ ಸಲ ಅಂಗಡಿಯವನಿಗೆ ತಿಳಿಯದ ರೋಗವನ್ನು ನಿಮಗೆ ತಿಳಿಸುವುದು.

ನೆರೆಹೊರೆಯವರ ಹಿತ

ಯಂತ್ರ ಕೆಟ್ಟರೆ ಹಣ ಹೋಗುವುದು. ಅದು ಇನ್ನೊಬ್ಬರ ಮೇಲೆ ಬಿದ್ದರೆ ಹೋಗುವುದು ಹಣವಲ್ಲ. 2015ನೆಯ ಇಸವಿಯ ಡಿಸೆಂಬರ್ 22ರಂದು ಇಟಲಿಯ ಮಡೋನ್ನಾ ದಿ ಕಂಪಿಲ್ಯೋ ಎಂಬಲ್ಲಿ ಮಂಚಿನ ಮೇಲೆ ಜಾರುವ ಪಂದ್ಯದಲ್ಲಿ ಆಸ್ಟ್ರಿಯ ದೇಶದ ಮಾರ್ಸೆಲ್ ಹಿರ್ಷರ್ ಎಂಬವರ ಬೆನ್ನಿನ ಹಿಂದೆಯೇ ಚಿತ್ರ ತೆಗೆಯುತ್ತಿದ್ದ ಡ್ರೋನ್ ಒಂದು ಅಪ್ಪಳಿಸಿತು. ಕ್ಷಣಮಾತ್ರದ ಅಂತರದಲ್ಲಿ ಅವರು ಉಳಿದರು. 2025ನೆಯ ಇಸವಿಯ ಜನವರಿಯಲ್ಲಿ ಲಾಸ್ ಏಂಜಲಿಸ್ ನಗರದ ಬಳಿ ಕಾಡ್ಗಿಚ್ಚನ್ನು ಆರಿಸುತ್ತಿದ್ದ ವಿಮಾನದ ರೆಕ್ಕೆಗೆ ಒಬ್ಬ ಹವ್ಯಾಸಿಯ ಸಣ್ಣ ಡ್ರೋನ್ ಬಡಿದು ರಂಧ್ರವಾಯಿತು. ಬೆಂಕಿಯನ್ನು ನೋಡುವ ಕುತೂಹಲದಿಂದ ಆತನು ಅದನ್ನು ಎರಡು ಕಿಲೋಮೀಟರಿಗೂ ದೂರ ಕಳುಹಿಸಿ ಕಣ್ಣಿನಿಂದ ಕಳೆದುಕೊಂಡಿದ್ದನು. ನೀರು ಹೊತ್ತು ತರಬೇಕಾಗಿದ್ದ ಆ ವಿಮಾನವು ಮನೆಗಳು ಉರಿಯುತ್ತಿರುವಾಗ ದುರಸ್ತಿಗಾಗಿ ನೆಲದ ಮೇಲೆ ನಿಲ್ಲಬೇಕಾಯಿತು. ಇಲ್ಲಿ ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲವೆಂಬುದನ್ನು ಗಮನಿಸಿರಿ.

ನಮ್ಮ ದೇಶದಲ್ಲಿ 2021ನೆಯ ಇಸವಿಯಲ್ಲಿ ಹೊರಟ ಡ್ರೋನ್ ನಿಯಮಗಳು ಯಂತ್ರಗಳನ್ನು ತೂಕದಿಂದ ವಿಂಗಡಿಸಿವೆ: 250 ಗ್ರಾಮಿನವರೆಗೆ ನ್ಯಾನೋ, ಅದರಿಂದ 2 ಕಿಲೋಗ್ರಾಮಿನವರೆಗೆ ಮೈಕ್ರೋ, ಹೀಗೆ ಮೇಲಕ್ಕೆ. ಆಕಾಶವನ್ನೂ ಹಸಿರು, ಹಳದಿ, ಕೆಂಪು ಎಂದು ಮೂರು ವಲಯಗಳಾಗಿ ನಕ್ಷೆಯಲ್ಲಿ ತೋರಿಸಿರುತ್ತಾರೆ. ಹಾರಿಸುವ ಮುನ್ನ ನಕ್ಷೆಯನ್ನು ನೋಡಬೇಕು. ವಿಮಾನನಿಲ್ದಾಣದ ಸಮೀಪವೂ ಸೈನ್ಯದ ನೆಲೆಗಳ ಸಮೀಪವೂ ಅನುಮತಿಯಿಲ್ಲದೆ ಹಾರಿಸಕೂಡದು. ಬೇರೆಯವರ ಅಂಗಳದೊಳಗೆ ಕ್ಯಾಮರಾ ಇಳಿಸಿ ನೋಡಬಾರದೆಂಬುದಕ್ಕೆ ನಕ್ಷೆಯೂ ಬೇಕಿಲ್ಲ, ಮರ್ಯಾದೆಯೇ ಸಾಕು.

ವಿದ್ಯಾರ್ಥಿನಿಯರೇ, ಹುಡುಗಿಯರು ಯಂತ್ರವನ್ನು ಉಪಯೋಗಿಸಬಹುದು, ಬಿಚ್ಚಿ ನೋಡುವುದು ಅವರ ಕೆಲಸವಲ್ಲವೆಂಬ ಮಾತು ಇನ್ನೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ. 2023ನೆಯ ಇಸವಿಯಲ್ಲಿ ಕೇಂದ್ರ ಸರಕಾರವು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಬೇಸಾಯದ ಡ್ರೋನ್‌ಗಳನ್ನು ಒದಗಿಸುವ ನಮೋ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಾಗ, ಹಾರಿಸುವವಳಿಗೆ ಶಿಕ್ಷಣ ಕೊಡುವುದಲ್ಲದೆ ಪ್ರತಿ ಸಂಘದಿಂದ ಇನ್ನೊಬ್ಬರಿಗೆ ದುರಸ್ತಿಯ ಕೆಲಸದಲ್ಲಿಯೂ ಶಿಕ್ಷಣ ಕೊಡಬೇಕೆಂದು ಗೊತ್ತುಮಾಡಿತು. ಹಾರಿಸುವುದೂ ದುರಸ್ತಿಯೂ ಜೊತೆಜೊತೆಯಾಗಿ ಕಲಿಯತಕ್ಕ ವಿದ್ಯೆಗಳೆಂಬುದು ಇದರಿಂದ ಸ್ಪಷ್ಟ. ಲಕ್ಷಣವನ್ನು ನೋಡುವುದು, ಕಾರಣವನ್ನು ಊಹಿಸುವುದು, ಒಂದನ್ನೇ ಬದಲಾಯಿಸಿ ಪರೀಕ್ಷಿಸುವುದು, ಕಂಡುದನ್ನು ಬರೆದಿಡುವುದು, ಇವು ನಮ್ಮ ಪ್ರಯೋಗಶಾಲೆಯಲ್ಲಿ ನೀವು ಪ್ರತಿದಿನ ಕಲಿಯುವ ಪಾಠಗಳೇ ಆಗಿರುತ್ತವೆ. ಹೊಲಿಗೆಯ ಯಂತ್ರ ನಿಂತರೂ, ನೀರೆತ್ತುವ ಪಂಪು ಕೆಟ್ಟರೂ, ಡ್ರೋನ್ ನಡುಗಿದರೂ ಇದೇ ಕ್ರಮವು ಕೈಹಿಡಿಯುವುದು. ಮುಂದಿನ ಸಲ ನಿಮ್ಮ ಮನೆಯಲ್ಲಿ ಯಾವುದಾದರೂ ಯಂತ್ರವು ಕೆಟ್ಟಾಗ, ಅಣ್ಣನನ್ನು ಕರೆಯುವ ಮೊದಲು ಅದರ ಬಳಿಯಲ್ಲಿ ಐದು ನಿಮಿಷ ಕುಳಿತು ನೋಡಿರಿ.